ಹುಗ್ಗಿ ಬಕೆಟ್ಟು ಹಿಡಿದ ದೀನ ಸೇವಕ

ಊಟಕ್ಕೆ ಕೂತವನಿಗಿಂತ ಬಡಿಸುವವನೇ ದೀನ ಎಂದು ಜಗತ್ತು ತಿಳಿದುಕೊಂಡಿದೆ. ಇದು ಎಂದೂ ಸೌಟು ಹಿಡಿಯದವರ ತಿಳುವಳಿಕೆ. ಬೈಲಹೊಂಗಲದ ನಮ್ಮ ಸಣ್ಣ ಕ್ರೈಸ್ತ ಸಭೆಯಲ್ಲಿ ಪ್ರತಿವರ್ಷ ಸುಗ್ಗಿ ಹಬ್ಬದ ಆರಾಧನೆ ಮುಗಿದ ಮೇಲೆ ಪ್ರೀತಿ ಭೋಜನ ಇರುತ್ತದೆ. ಅದರಲ್ಲಿ ಇಪ್ಪತ್ತು ವರ್ಷ ಬೆಲ್ಲ ಹಾಕಿದ ಗೋಧಿ ಹುಗ್ಗಿಯ ಬಕೆಟ್ಟು ಹಿಡಿದು ಪಂಕ್ತಿಯ ನಡುವೆ ಓಡಾಡಿದ ನಾನು ಇವತ್ತು ಒಂದು ಸತ್ಯ ಒಪ್ಪಿಕೊಂಡುಬಿಡುತ್ತೇನೆ. ಆ ಒಂದು ತಾಸು ನನ್ನಷ್ಟು ದೊಡ್ಡ ಅಧಿಕಾರಿ ಇಡೀ ತಾಲ್ಲೂಕಿನಲ್ಲಿ ಇನ್ನೊಬ್ಬನಿರಲಿಲ್ಲ. ಸಾರಿನವನನ್ನು ಯಾರೂ ಕತ್ತೆತ್ತಿ ನೋಡುವುದಿಲ್ಲ. ಅನ್ನದವನು ಬಂದರೆ ಎಲೆಗೆ ಕೈ ಅಡ್ಡ ಹಿಡಿಯುತ್ತಾರೆ. ಹುಗ್ಗಿಯವನು ಬಂದರೆ ಮಾತ್ರ ಎಂಥ ಬಿಗುಮಾನದ ಮನುಷ್ಯನೂ ಮುಖ ಮೇಲೆತ್ತಿ ನಗುತ್ತಾನೆ. ಮೂವತ್ತು ವರ್ಷ ಮಾಸ್ತರಿಕೆ ಮಾಡಿದರೂ ನನಗೆ ಸಿಗದ ಮರ್ಯಾದೆ ಅದು. ಯಾರಿಗೆ ತುಂಬಿದ ಸೌಟು, ಯಾರಿಗೆ ಅರ್ಧ, ‘ಇನ್ನೊಂಚೂರು’ ಎಂದು ಕೂಗಿದವರಲ್ಲಿ ಯಾರ ಕೂಗು ನನ್ನ ಕಿವಿಗೆ ಬೀಳಬೇಕು, ಎಲ್ಲವೂ ನನ್ನ ಮರ್ಜಿ. ಇದನ್ನು ನಾನು ಸೇವೆ ಎಂದು ಕರೆಯುತ್ತಿದ್ದೆ. ನಂಬಿಯೂ ಇದ್ದೆ.

ಸಾರಿನ ಬಕೆಟ್ಟು ದಾನಿಯೇಲಪ್ಪನದು. ಇವನು ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿ ರೂತಳ ತಂಗಿ ಸುಶೀಲಾಳ ಗಂಡ. ಸಂಗೊಳ್ಳಿಯಲ್ಲಿ ಹೊಲ ಮಾಡಿಕೊಂಡಿದ್ದಾನೆ; ರವಿವಾರ ತಪ್ಪದೆ ಮೋಟಾರ್ ಸೈಕಲ್ಲಿನ ಮೇಲೆ ಹೆಂಡತಿಯೊಂದಿಗೆ ಆರಾಧನೆಗೆ ಬರುತ್ತಾನೆ. ಎಷ್ಟೋ ವರ್ಷ ಸಾರು ಬಡಿಸಿ ಬೇಸತ್ತಿದ್ದ ಅವನು ಹೋದ ವರ್ಷ ನನಗಿಂತ ಮೊದಲೇ ಅಡುಗೆಯ ಕೋಣೆಗೆ ನುಗ್ಗಿ ಹುಗ್ಗಿಯ ಬಕೆಟ್ಟು ಎತ್ತಿಕೊಂಡುಬಿಟ್ಟ. ನಾನೂ ಅದರ ಹಿಡಿಕೆಗೆ ಕೈ ಹಾಕಿದೆ. ಅವನು ಜಗ್ಗಿದ, ನಾನು ಜಗ್ಗಿದೆ. ಕೊನೆಗೆ ಹುಗ್ಗಿ ಹೋಗಿ ಬಿದ್ದದ್ದು, ಅಡುಗೆ ಆಯಿತೇ ಎಂದು ಕೇಳಲು ಬಂದಿದ್ದ ಸಭಾಪಾಲಕ ಅಯ್ಯನವರ ಪಾಲಿಶ್ ಮಾಡಿದ ಬೂಟುಗಳ ಮೇಲೆ. ಬೆಲ್ಲದ ಪಾಕ ನೋಡಿ, ಅವರು ಹೆಜ್ಜೆ ಇಟ್ಟಲ್ಲೆಲ್ಲ ಚಪ್ ಚಪ್ ಎನ್ನುತ್ತಿತ್ತು.

ಅಂದಿನಿಂದ ನಮ್ಮಿಬ್ಬರಿಗೂ ಮಾತಿಲ್ಲ. ಗಂಡಸರ ಮಾತು ನಿಂತರೆ ಲೋಕಕ್ಕೇನೂ ನಷ್ಟವಿಲ್ಲ, ಬಿಡಿ. ಆದರೆ ಅಕ್ಕ ತಂಗಿಯರ ಮಾತೂ ನಿಂತಿತು. ಸುಶೀಲಾಳ ಫೋನ್ ಬಂದರೆ ಪಕ್ಕದ ಕೋಣೆಯಿಂದ ನಾನು ಜೋರಾಗಿ ಕೆಮ್ಮುತ್ತಿದ್ದೆ. ಸಂಗೊಳ್ಳಿಯಲ್ಲಿಯೂ ಒಬ್ಬರಿಗೆ ಕೆಮ್ಮು ಹತ್ತಿತ್ತೆಂದು ಕಾಣುತ್ತದೆ, ಏಕೆಂದರೆ ಎರಡೂ ಕಡೆಯ ಫೋನು ಬರಬರುತ್ತ ಸುಮ್ಮನಾದವು. ರವಿವಾರ ಒಬ್ಬಳು ಮುಂದಿನ ಬೆಂಚು, ಇನ್ನೊಬ್ಬಳು ಹಿಂದಿನದು. ಹಸಿ ಜೋಳದ ತೆನೆ ಸುಟ್ಟು ಸೀತನಿ ತಿನ್ನುವ ಕಾಲ ಬಂತು. ಪ್ರತಿವರ್ಷ ತಂಗಿಯ ಹೊಲಕ್ಕೆ ಹೋಗುತ್ತಿದ್ದ ರೂತ್ ಈ ವರ್ಷ ಹೋಗಲಿಲ್ಲ. ಬಯ್ದಿದ್ದರೆ ನಾನೂ ನಾಲ್ಕು ಮಾತು ಆಡಬಹುದಿತ್ತು. ಅವಳು ಬಯ್ಯಲಿಲ್ಲ. ತಾಯಿತಂದೆ ಇಲ್ಲದ ಅವಳಿಗೆ ತವರು ಎಂದು ಉಳಿದದ್ದು ಆ ಒಬ್ಬ ತಂಗಿ, ಅದನ್ನು ಒಂದು ಬಕೆಟ್ಟಿನ ಸಲುವಾಗಿ ಕಿತ್ತುಕೊಂಡವನು ನಾನು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನೇ ಮೊದಲು ಮಾತಾಡಬೇಕೇ ಎಂಬ ಗತ್ತು ಬಿಡಲಿಲ್ಲ.

ಈ ವರ್ಷ ಸುಗ್ಗಿ ಹಬ್ಬ ನಮ್ಮಲ್ಲಿ ಕೂಡು ಹಬ್ಬವಾಯಿತು. ಕಿತ್ತೂರು, ಸವದತ್ತಿ, ರಾಮದುರ್ಗದಿಂದಲೂ ವಿಶ್ವಾಸಿಗಳು ಟೆಂಪೋ ಮಾಡಿಕೊಂಡು ಬಂದರು. ಅಯ್ಯನವರು ದೀನತೆ, ತಾಳ್ಮೆ, ಒಗ್ಗಟ್ಟು ಎಂಬ ಮೂರು ವಿಷಯ ಹಿಡಿದು ಭರ್ಜರಿ ಪ್ರಸಂಗ ಮಾಡಿದರು. ನಮ್ಮನ್ನು ಕರೆದ ದೇವರಿಗೆ ಮರ್ಯಾದೆ ಬರುವ ಹಾಗೆ ನಾವು ಬದುಕುತ್ತಿದ್ದೇವೆಯೇ ಎಂದು ಕೇಳಿ, ನನ್ನ ಕಡೆ ನೋಡಿದರು. ನನ್ನ ಹಿಂದೆ ಕೂತ ದಾನಿಯೇಲಪ್ಪನನ್ನು ನೋಡುತ್ತಿದ್ದಾರೆಂದು ನಾನು ಸಮಾಧಾನ ಮಾಡಿಕೊಂಡೆ. ಅರ್ಧ ತಾಸಾದರೂ ಅವರ ಕಣ್ಣು ನನ್ನನ್ನು ಬಿಡದಿದ್ದಾಗ ಆ ಸಮಾಧಾನವೂ ಕರಗಿತು. ಎದುರಿನ ಬೆಂಚಿನಲ್ಲಿ ರೂತ್ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಇವತ್ತು ಹುಗ್ಗಿಯ ಬಕೆಟ್ಟು ಬಿಟ್ಟುಕೊಡುವುದೇ ಸೈ ಎಂದು ನಾನು ನಿಶ್ಚಯಿಸಿದೆ.

ಪ್ರಸಂಗ ಎಲ್ಲರಿಗೂ ಅಷ್ಟೇ ನಾಟಿದೆ ಎಂಬುದು ಊಟದ ಹೊತ್ತಿಗೆ ತಿಳಿಯಿತು. ಜಮಖಾನ ಹಾಸಿ, ಎಲೆ ಹಾಕಿ, ಉಪ್ಪು ಉಪ್ಪಿನಕಾಯಿ ಬಡಿಸಿ ಆಗಿದೆ. ಮೊದಲ ಪಂಕ್ತಿಗೆ ಒಬ್ಬರೂ ಕೂರುತ್ತಿಲ್ಲ. ಕಿತ್ತೂರಿನವರು, “ರಾಮದುರ್ಗದವರು ದೂರದಿಂದ ಬಂದಾರ, ಮೊದಲ ಅವರು ಕುಂದರ್ಲಿ” ಎಂದರು. ರಾಮದುರ್ಗದವರು, “ಅಯ್ಯೋ, ಸವದತ್ತಿಯವರು ವಯಸ್ಸಾದವರು, ಅವರದ ಮೊದಲ ಆಗ್ಲಿ” ಎಂದರು. ಸವದತ್ತಿಯವರು ಗೋಡೆಗೆ ಒರಗಿ ನಿಂತು, “ನಮ್ದೇನ ಗಡಿಬಿಡಿ ಇಲ್ರಿ, ನಾವು ಕಡೀಕ ಕುಂದರ್ತೇವಿ” ಎಂದರು. ಹೀಗೆ ದೀನತೆಯಲ್ಲಿ ಯಾರೂ ಯಾರಿಗೂ ಸೋಲಲು ತಯಾರಿಲ್ಲದೆ ಮುಕ್ಕಾಲು ತಾಸು ಕಳೆಯಿತು.

ಅಡುಗೆಯ ಕೋಣೆಯ ಬಾಗಿಲಲ್ಲಿ ಇನ್ನೊಂದು ಕಥೆ. ಹುಗ್ಗಿಯ ಬಕೆಟ್ಟಿನ ಒಂದು ಬದಿಗೆ ನಾನು, ಇನ್ನೊಂದು ಬದಿಗೆ ದಾನಿಯೇಲಪ್ಪ. ವರ್ಷದ ಮೇಲೆ ನಾನು ಬಾಯಿ ಬಿಟ್ಟೆ: “ಹಿಡೀಪಾ ದಾನಿಯೇಲಪ್ಪ, ಇವತ್ತ ನೀನ ಬಡಸು.”

“ಛೇ ಛೇ, ಅಣ್ಣಾರ, ಹಿರ್ಯಾರು ನೀವು. ನೀವ ಹಿಡೀರಿ. ನನಗ ಸಾರ ಸಾಕು.”

“ಇಲ್ಲೋ, ಸಾರು ನನಗ ಕೊಡು.”

“ನನ್ನ ಕಡಿಂದ ಆಗೂದಿಲ್ರಿ. ಹುಗ್ಗಿ ನಿಮ್ದ.”

ಅವನು ಬಕೆಟ್ಟನ್ನು ನನ್ನತ್ತ ಸರಿಸಿದ. ನಾನು ಅವನತ್ತ ಸರಿಸಿದೆ. ನೆಲದ ಮೇಲೆ ಅದು ಕಿರ್ ಕಿರ್ ಎಂದು ಅತ್ತಿತ್ತ ಓಡಾಡತೊಡಗಿತು. ಹುಗ್ಗಿಯ ಮೇಲೆ ಕೆನೆ ಕಟ್ಟಿತು. ನನ್ನ ದನಿ ಏರಿತು, ಅವನದೂ ಏರಿತು. ಇನ್ನೊಂದು ನಿಮಿಷವಾಗಿದ್ದರೆ ದೀನತೆಯ ಸಲುವಾಗಿಯೇ ಕೈ ಕೈ ಹತ್ತುತ್ತಿತ್ತು. ಅಯ್ಯನವರು ಬೂಟು ಬಿಚ್ಚಿ ದೂರ ಇಟ್ಟು ಬಂದರು.

ಆಗ ಒಳಗಿನಿಂದ ರೂತ್ ಬಂದಳು. ಅವಳ ಹಿಂದೆಯೇ ಸುಶೀಲಾ. “ಹೋದ ವರ್ಷ ಇಬ್ಬರೂ ಜಗ್ಗಿದ್ರಿ, ಈ ವರ್ಷ ಇಬ್ಬರೂ ದಬ್ಬಾಕತ್ತೀರಿ. ಮಂದಿ ಹಸದು ನಿಂತಾರ. ಬಿಡ್ರಿ ಬಕೀಟ! ಹೋಗಿ ಮೊದಲನೇ ಪಂಕ್ತಿಗೆ ಕುಂದರ್ರಿ, ಇಬ್ಬರೂ!” ಎಂದಳು ರೂತ್.

ಮೊದಲ ಪಂಕ್ತಿಗೆ! ನೂರು ಜನ ಹಸಿದು ನಿಂತಿರುವಾಗ, ಅತಿಥಿಗಳಿಗಿಂತ ಮೊದಲು, ಹಬ್ಬ ಮಾಡುವ ಊರಿನ ಮಾಸ್ತರ! ಆದರೆ ಅವಳ ಮಾತು ಮುಗಿಯುವುದರೊಳಗೆ ನಾನು ಹೋಗಿ ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಾಗಿತ್ತು. ಎಲ್ಲರೂ ಬೆರಗಾಗಿ ನೋಡಿದರು. ಮರುಕ್ಷಣ ದಾನಿಯೇಲಪ್ಪ ನನ್ನ ತೊಡೆಗೆ ತೊಡೆ ಹಚ್ಚಿ ಕೂತ. ಅಷ್ಟೇ ಬೇಕಾಗಿತ್ತು. ಸವದತ್ತಿಯವರು ಗೋಡೆ ಬಿಟ್ಟರು, ಕಿತ್ತೂರಿನವರೂ ರಾಮದುರ್ಗದವರೂ ಬೆರೆತು ಕೂತರು. ಯಾವ ಊರಿನವರ ಮಗ್ಗುಲಿಗೆ ಯಾವ ಊರಿನವರು ಎಂಬುದೇ ಉಳಿಯಲಿಲ್ಲ.

ಸುಶೀಲಾ ಬಕೆಟ್ಟು ಹಿಡಿದಳು, ರೂತ್ ಸೌಟು ಹಿಡಿದಳು. ಒಂದು ಎಲೆಯಿಂದ ಇನ್ನೊಂದು ಎಲೆಗೆ ಹೋಗುವಷ್ಟರಲ್ಲಿ ಅಕ್ಕ ತಂಗಿ ವರ್ಷದ ಮಾತು ಆಡುತ್ತಿದ್ದರು, ನಗುತ್ತಿದ್ದರು. ಯಾರಿಗೂ ಅರ್ಧ ಸೌಟು ಬೀಳಲಿಲ್ಲ. ಇಪ್ಪತ್ತು ವರ್ಷದಲ್ಲಿ ನಮ್ಮಲ್ಲಿ ಹುಗ್ಗಿ ಅಷ್ಟು ಚೆನ್ನಾಗಿ ಬಡಿಸಿದ್ದೇ ಇಲ್ಲ ಎಂದು ಸಭೆಯ ಹಿರಿಯರು ನನ್ನೆದುರಿಗೇ ಹೇಳಿದರು. ನನಗೆ ಸ್ವಲ್ಪವೂ ಕೆಡುಕೆನಿಸಲಿಲ್ಲ. ರೂತಳ ಆ ನಗು ನೋಡಿ ಎದೆ ತುಂಬಿ ಬಂದಿತ್ತು.

ಮುಂದಿನ ರವಿವಾರ ಅಯ್ಯನವರು ನಮ್ಮಿಬ್ಬರನ್ನೇ ಪ್ರಸಂಗದ ವಿಷಯ ಮಾಡಿಕೊಂಡರು. ನಾಚಿಕೆ ಬಿಟ್ಟು, ಗತ್ತು ಬಿಟ್ಟು, ಎಲ್ಲರ ಒಗ್ಗಟ್ಟಿನ ಸಲುವಾಗಿ ಮೊದಲ ಎಲೆಗೆ ಕೂತವರು ಎಂದು ಹೊಗಳಿದರು. ಈಗ ಒಂದೇ ಬೆಂಚಿನಲ್ಲಿ ಕೂರುವ ನಾವಿಬ್ಬರೂ ತಲೆ ತಗ್ಗಿಸಿ ಕೇಳುತ್ತಿದ್ದೆವು. ದಾನಿಯೇಲಪ್ಪ ಮೆಲ್ಲಗೆ ನನ್ನ ಕಿವಿಯ ಹತ್ತಿರ ಬಾಗಿದ.

“ಅಣ್ಣಾರ, ಖರೆ ಹೇಳ್ರಿ. ಅವತ್ತ ಅಷ್ಟ ಲಗೂನ ಹೆಂಗ ಕುಂತ್ರಿ?”

ದೇವಾಲಯದೊಳಗೆ ಸುಳ್ಳು ಹೇಳುವುದು ಹೇಗೆ? “ಊಟದ ಹೊತ್ತಾತು ಅಂತ ಮೊದಲ ಸಕ್ಕರಿ ಬ್ಯಾನಿ ಗುಳಿಗಿ ನುಂಗಿದ್ನಿಪಾ,” ಎಂದೆ. “ಕಾಲು ನಡಗಾಕತ್ತಿದ್ದೂ. ಇನ್ನೊಂದ ನಿಮಿಷ ನಿಂತಿದ್ರ ಬಿದ್ದ ಬಿಡ್ತಿದ್ನಿ.”

ಅವನು ಅತ್ತಿತ್ತ ನೋಡಿ, “ನಾನೂ ನುಂಗಿದ್ನಿರಿ” ಎಂದ.

ಉಕ್ಕಿ ಬಂದ ನಗು ತಡೆಯಲಾರದೆ ಇಬ್ಬರೂ ತಲೆಯನ್ನು ಮೊಣಕಾಲಿನವರೆಗೆ ತಗ್ಗಿಸಿದೆವು. ಅಯ್ಯನವರ ದನಿ ಗದ್ಗದವಾಯಿತು: “ನೋಡ್ರಿ, ನೋಡ್ರಿ! ಹೊಗಳಿದ್ರ ಸುದ್ದಾ ಹೆಂಗ ಬಾಗ್ಯಾರ!”