ಬ್ಯಾಟರಿಯ ಆರೋಗ್ಯವೂ ಚಾಲಕನ ಸೊಂಟವೂ

ವಿದ್ಯುತ್ ವಾಹನ ಪ್ರೋತ್ಸಾಹ ಇಲಾಖೆಯಲ್ಲಿ ಎಲ್ಲರಿಗಿಂತ ಆರೋಗ್ಯವಾಗಿರುವುದು ನಿರ್ದೇಶಕರ ಕಾರಿನ ಬ್ಯಾಟರಿ. ಇಲಾಖೆಯ ವಾರ್ಷಿಕ ವರದಿಯ ಮೊದಲ ಪುಟದಲ್ಲೇ ಈ ಸಂಗತಿಯಿದೆ, ಪಕ್ಕದಲ್ಲಿ ಕಾರಿನ ಫೋಟೋ ಇದೆ. ಕಾರು ಓಡಿಸುವ ಚಾಲಕನ ಫೋಟೋ ಯಾವ ಪುಟದಲ್ಲೂ ಇಲ್ಲ. ಆದರೆ ಕಾರಿನ ಚಿತ್ರದ ಮೂಲೆಯಲ್ಲಿ ಕೊಡೆ ಹಿಡಿದ ಒಂದು ಕೈ ಕಾಣುತ್ತದೆ, ಅದು ಅವನದೇ.

ಕಾರು ಬಂದ ವಾರವೇ ನಿರ್ದೇಶಕರು ಸುತ್ತೋಲೆ ಹೊರಡಿಸಿದ್ದರು. "ಬ್ಯಾಟರಿಯು ಇಲಾಖೆಯ ಜೀವಾಳವಾಗಿರುವುದರಿಂದ, ಅದರ ಚಾರ್ಜು ಶೇಕಡಾ ಇಪ್ಪತ್ತಕ್ಕಿಂತ ಕೆಳಗೆ ಇಳಿಯಕೂಡದು, ಎಂಬತ್ತಕ್ಕಿಂತ ಮೇಲೆ ಏರಕೂಡದು. ದೂರದ ಪ್ರವಾಸದ ದಿನ ಮಾತ್ರ ಪೂರ್ತಿ ತುಂಬಿಸಬಹುದು, ತುಂಬಿದೊಡನೆ ಹೊರಡತಕ್ಕದ್ದು. ಬಿಸಿಲಿಗೆ ಒಡ್ಡಕೂಡದು. ಕಾದ ಬ್ಯಾಟರಿಗೆ ಅವಸರದ ಚಾರ್ಜು ಕೊಡದೆ, ತಣ್ಣಗಾಗುವವರೆಗೆ ವಿಶ್ರಾಂತಿ ನೀಡತಕ್ಕದ್ದು. ವಿಶ್ರಾಂತಿಯ ವೇಳೆ ಸಮೀಪದಲ್ಲಿ ಯಾರೂ ಏರುದನಿಯಲ್ಲಿ ಮಾತಾಡಕೂಡದು." ಕೊನೆಯ ವಾಕ್ಯ ಕಾರಿನ ಕೈಪಿಡಿಯಲ್ಲಿ ಇರಲಿಲ್ಲ. ಅದು ನಿರ್ದೇಶಕರ ಸ್ವಂತ ಸಂಶೋಧನೆ.

ವಿದ್ಯುತ್ ಕಾರಿನಲ್ಲಿ ಪ್ರಯಾಣ ಎಷ್ಟು ಸುಖ ಎಂದು ಭಾಷಣ ಮಾಡಲು ನಿರ್ದೇಶಕರು ಊರೂರು ಸುತ್ತುತ್ತಿದ್ದರು. ಚಾರ್ಜು ಉಳಿಸಲು ಏಸಿ ಹಾಕುತ್ತಿರಲಿಲ್ಲ. ಕಿಟಕಿ ತೆರೆದರೆ ಗಾಳಿ ತಡೆದು ಚಾರ್ಜು ಪೋಲಾಗುತ್ತದೆಂದು ಅದನ್ನೂ ತೆರೆಯುತ್ತಿರಲಿಲ್ಲ. ಬೆವರಿನಲ್ಲಿ ಮಿಂದು ಇಳಿದ ನಿರ್ದೇಶಕರು ವೇದಿಕೆ ಹತ್ತಿ ಸುಖದ ಬಗ್ಗೆ ಮಾತಾಡುವಾಗ, ಚಾಲಕ ಹೊರಗೆ ಕಾರಿನ ಮೂತಿಗೆ ಕೊಡೆ ಹಿಡಿದು ನಿಂತಿರುತ್ತಿದ್ದ.

"ಸಾರ್, ಬ್ಯಾಟರಿ ಇರೋದು ಸೀಟಿನ ಕೆಳಗೆ," ಎಂದು ಅವನು ಒಮ್ಮೆ ಹೇಳಿ ನೋಡಿದ.

"ಗೊತ್ತಯ್ಯ. ಆದ್ರೆ ಬಿಸಿಲು ಬೀಳೋದು ಮೇಲಿಂದ ತಾನೆ?" ಎಂದರು ನಿರ್ದೇಶಕರು.

ಚಾಲಕ ಕೊಡೆಯನ್ನು ಇನ್ನೊಂದು ಕೈಗೆ ಬದಲಿಸಿದ.

ಅವನಿಗೆ ಸೊಂಟನೋವು ಬೇರೆ ಇತ್ತು. ಕೂತು ಓಡಿಸಿ, ನಿಂತು ಕೊಡೆ ಹಿಡಿದು ಸೊಂಟ ಸೋತುಹೋಗಿತ್ತು. ಡಾಕ್ಟರು ಒಂದು ತಿಂಗಳು ಮಲಗಲೇಬೇಕು, ಇಲ್ಲವಾದರೆ ಮುಂದೆ ಏಳುವುದೇ ಕಷ್ಟ ಎಂದಿದ್ದರು. ಹೆಂಡತಿ ಬೆನ್ನಿಗೆ ಎಣ್ಣೆ ತಿಕ್ಕುತ್ತ ದಿನವೂ ಕೇಳುತ್ತಿದ್ದಳು.

"ರಜೆ ಕೇಳಿದ್ರಾ?"

"ಕೇಳ್ದೆ ಕಣೇ. ಇನ್ನೊಬ್ಬ ಡ್ರೈವರ್ ಇಲ್ಲ, ಹಾಗಾಗಿ ರಜೆ ಇಲ್ಲ ಅಂದ್ರು."

"ಇನ್ನೊಂದು ಬ್ಯಾಟರಿ ಇದೆಯಂತಾ?"

"ಅದೂ ಇಲ್ಲ. ಅದಕ್ಕೇ ಅದನ್ನ ಅಷ್ಟು ಜೋಪಾನ ಮಾಡ್ತಾರೆ."

ಹೆಂಡತಿಯ ಕೈ ಬೆನ್ನ ಮೇಲೆ ಹಾಗೇ ನಿಂತಿತು. ಅವಳಿಗೆ ಸಿಟ್ಟಿಗಿಂತ ಹೆಚ್ಚಾಗಿ ಅಳು ಬಂತು.

ಮುಂದಿನ ಪ್ರವಾಸದಲ್ಲಿ, ಹೆದ್ದಾರಿಯ ಚಾರ್ಜಿಂಗ್ ಸ್ಟೇಷನ್ನಿನಲ್ಲಿ ಕೇಬಲ್ ಚುಚ್ಚಲು ಬಗ್ಗಿದ ಚಾಲಕ ನೆಟ್ಟಗಾಗಲಿಲ್ಲ. ಬಗ್ಗಿದವನು ಬಗ್ಗಿದಂತೆಯೇ ನೆಲಕ್ಕೆ ಉರುಳಿದ. ಅದೇ ಹೊತ್ತಿಗೆ ಕಾರಿನಲ್ಲಿ, ಬ್ಯಾಟರಿ ತುಸು ಬೆಚ್ಚಗಾಗಿದೆ ಎಂದು ಹಳದಿ ದೀಪ ಹೊತ್ತಿಕೊಂಡಿತು. ನಿರ್ದೇಶಕರು ಓಡಿಬಂದರು. ಅವನನ್ನು ದಾಟಿಕೊಂಡು ಹೋಗಿ ದೀಪ ನೋಡಿದರು. ಭಾಷಣ ರದ್ದಾಯಿತು. ಬ್ಯಾಟರಿಗೆ ಎರಡು ದಿನ ವೈದ್ಯಕೀಯ ರಜೆ ಮಂಜೂರಾಯಿತು. ಚಾಲಕನಿಗೆ, ಕರ್ತವ್ಯದ ವೇಳೆ ಮಲಗಿದ್ದೇಕೆಂದು ನೋಟಿಸು ಬಂತು.

ನೋಟಿಸು ಹಿಡಿದು ಕುಂಟುತ್ತ ಬಂದವನನ್ನು ನೋಡಿ ಹೆಡ್ ಕ್ಲರ್ಕಿಗೆ ಮರುಕ ಹುಟ್ಟಿತು. ಹಾವೂ ಸಾಯದೆ ಕೋಲೂ ಮುರಿಯದೆ ಕೆಲಸ ಮುಗಿಸುವುದರಲ್ಲಿ ಆತ ಪಳಗಿದವನು.

"ನಿನ್ನನ್ನ ದಾಖಲೇಲಿ ಮನುಷ್ಯ ಅಂತ ತೋರಿಸ್ಕೊಂಡು ಬಂದಿದ್ದೇ ತಪ್ಪಾಯ್ತು ಕಣಯ್ಯ," ಎಂದ. "ಮನುಷ್ಯನಿಗೆ ವಿಶ್ರಾಂತಿ ಕೊಡೋ ನಿಯಮ ನಮ್ಮಲ್ಲಿಲ್ಲ. ಬ್ಯಾಟರಿಗೆ ಉಂಟು. ನಿನ್ನನ್ನ ಬ್ಯಾಟರಿಯ ಉಪಭಾಗ ಅಂತ ಸೇರಿಸಿಬಿಡ್ತೀನಿ. ನೆರಳು, ವಿಶ್ರಾಂತಿ, ತಪಾಸಣೆ, ಎಲ್ಲಾ ತಾನಾಗೇ ಬರುತ್ತೆ."

"ಡ್ರೈವಿಂಗ್ ಯಾರು ಮಾಡ್ತಾರೆ ಸಾರ್?"

"ಉಪಭಾಗ ರಿಪೇರೀಲಿ ಇದ್ರೆ ಬ್ಯಾಟರಿನೂ ರಿಪೇರೀಲಿ ಇದ್ದ ಹಾಗೆ. ಕಾರು ಓಡ್ಸೋ ಪ್ರಶ್ನೆ ಎಲ್ಲಿಂದ ಬಂತು?"

ಮಾತು ಸರಿಯಾಗಿಯೇ ಇತ್ತು. ಸಂಜೆಯೊಳಗೆ ಆದೇಶ ಸಿದ್ಧವಾಯಿತು. ತಯಾರಕರು ಎಂಬ ಕಡೆ ಚಾಲಕನ ತಾಯಿಯ ಹೆಸರು ಬರೆದು, ವಾರಂಟಿ ಮುಗಿದಿದೆ ಎಂದು ಷರಾ ಹಾಕಲಾಯಿತು. ನಿರ್ದೇಶಕರು ಸಂತೋಷದಿಂದ ಸಹಿ ಮಾಡಿ, "ಇದನ್ನ ಮೊದ್ಲೇ ಹೇಳ್ಬಾರ್ದಿತ್ತೇನಯ್ಯ?" ಎಂದು ಪ್ರೀತಿಯಿಂದ ಗದರಿದರು.

ಅಂದಿನಿಂದ ಚಾಲಕನ ಯೋಗ ತಿರುಗಿತು. ಗ್ಯಾರೇಜಿನ ತಂಪಾದ ಮೂಲೆಯಲ್ಲಿ ಹಾಸಿಗೆ ಬಂತು, ತಲೆಯ ಮೇಲೆ ಫ್ಯಾನು ಬಂತು. ನಿರ್ದೇಶಕರು ಬೆಳಿಗ್ಗೆ ಬೆಳಿಗ್ಗೆಯೇ ಬಂದು, ಮೊದಲು ಬ್ಯಾಟರಿಯನ್ನು, ಆಮೇಲೆ ಅವನನ್ನು ವಿಚಾರಿಸುವರು. ಇದನ್ನು ಕಂಡ ಉಳಿದವರು ಸುಮ್ಮನಿರುತ್ತಾರೆಯೇ? ಬೆರಳಚ್ಚಿನಾಕೆ ಬೆರಳು ಸವೆದಿವೆಯೆಂದು ವೈಪರ್ ಆಗಿ ಸೇರಿದಳು. ಗಂಟಲು ಕಟ್ಟಿದ್ದ ಕಾವಲುಗಾರ ಹಾರ್ನ್ ಆದ. ಕಚೇರಿಯಲ್ಲಿ ಮನುಷ್ಯರೆಂದು ಉಳಿದವರು ನಿರ್ದೇಶಕರು ಮತ್ತು ಹೆಡ್ ಕ್ಲರ್ಕ್ ಇಬ್ಬರೇ. ಇಲಾಖೆಗೆ ದಕ್ಷತೆಯ ಪ್ರಶಸ್ತಿ ಬಂತು.

ತಿಂಗಳು ಕಳೆದರೂ ಗಂಡ ಮನೆಗೆ ಬರದಿದ್ದಾಗ ಹೆಂಡತಿ ಕಚೇರಿಗೆ ಬಂದಳು.

"ನೋಡಮ್ಮ," ಎಂದರು ನಿರ್ದೇಶಕರು, "ಇಲಾಖೆಯ ಆಸ್ತಿನ ಗೇಟಿನಿಂದ ಆಚೆ ಬಿಡೋ ಹಾಗಿಲ್ಲ. ಬಿಡಿಭಾಗಗಳಿಗೆ ಸಂಬಳಾನೂ ಇಲ್ಲ. ಆದ್ರೆ ನೀನೇನೂ ಚಿಂತೆ ಮಾಡ್ಬೇಡ. ಆರೋಗ್ಯ ಶೇಕಡಾ ಎಪ್ಪತ್ತಕ್ಕಿಂತ ಕೆಳಗೆ ಇಳಿದ್ರೆ ಗುಜರಿಗೆ ಹಾಕ್ತೀವಿ. ಹರಾಜಿನಲ್ಲಿ ನಿನಗೇ ಮೊದಲ ಅವಕಾಶ."

"ಈಗ ಎಷ್ಟಿದೆ ಸಾರ್?"

"ಬಂದಾಗ ಎಪ್ಪತ್ತೆರಡು ಇತ್ತು."

ಇನ್ನೆರಡೇ ಎಂದು ಅವಳಿಗೆ ಜೀವ ಬಂದಂತಾಯಿತು. ಗ್ಯಾರೇಜಿನಲ್ಲಿ ಅವಳೆದುರೇ ಕಾರು ಕಂಪನಿಯ ತಂತ್ರಜ್ಞ ಬಂದು ಚಾಲಕನನ್ನು ಬಗ್ಗಿಸಿ, ಎಬ್ಬಿಸಿ, ಸೊಂಟ ತಟ್ಟಿ ನೋಡಿದ. ನೆರಳು, ನಿದ್ದೆ, ಫ್ಯಾನು ತಮ್ಮ ಕೆಲಸ ಮಾಡಿದ್ದವು.

"ಎಂಬತ್ತೈದು!" ಎಂದು ಘೋಷಿಸಿದ. ನಿರ್ದೇಶಕರು ಚಪ್ಪಾಳೆ ತಟ್ಟಿದರು. ಹೆಡ್ ಕ್ಲರ್ಕ್ ತಟ್ಟಿದ. ವೈಪರೂ ಹಾರ್ನೂ ಜೊತೆಗೂಡಿದರು. ಚಾಲಕ ನೋವಿಲ್ಲದೆ ನೆಟ್ಟಗೆ ನಿಂತು, ಹೆಮ್ಮೆಯಿಂದ ಹೆಂಡತಿಯ ಕಡೆ ನೋಡಿದ.

ಎಲ್ಲರೂ ಹೋದ ಮೇಲೆ ಅವಳು ಹತ್ತಿರ ಬಂದು ಪಿಸುಗುಟ್ಟಿದಳು. "ಆ ಮೂಲೇಲಿ ಟೈರುಗಳಿವೆ ನೋಡಿ. ಯಾರೂ ಇಲ್ದಾಗ ಎತ್ತಿ ಎತ್ತಿ ಇಡಿ. ಸೊಂಟ ಬೇಗ ಕೆಡುತ್ತೆ, ಮನೆಗೆ ಕರ್ಕೊಂಡು ಹೋಗ್ತೀನಿ."

ಚಾಲಕ ಬೆಚ್ಚಿಬಿದ್ದು ಆಚೀಚೆ ನೋಡಿದ. "ಸುಮ್ನಿರೇ! ಇಲಾಖೆಯ ಆಸ್ತಿ ಹಾಳು ಮಾಡೋದು ಅಪರಾಧ."

ಅವಳಿಗೂ ಮಾತು ನ್ಯಾಯವಾದದ್ದೇ ಎನಿಸಿತು. ತಪ್ಪಾಯಿತೆಂದು ಹೇಳಿ, ಒಬ್ಬಳೇ ಮನೆಗೆ ಹೋದಳು.