ಬಾಯಿ ಬಿಡದವನ ಟೈಕ್ವಾಂಡೋ

"ಒಮ್ಮೆರ ನನ್ನ ಹೆಸರು ಹಿಡದು ಕರೀರಿ," ಅಂದಳು ನನ್ನ ಹೆಂಡತಿ, ದವಾಖಾನೆಯಲ್ಲಿ. ಅದೇ ಕಡೆಯ ಮಾತು. ನಮ್ಮ ವಿಜಯಪುರದ ಕಡೆ ಗಂಡ ಹೆಂಡತಿ ಹೆಸರು ಹಿಡಿಯುವುದಿಲ್ಲ. "ಏ, ಕೇಳಿಲ್ಲಿ" ಅಂತಲೇ ಸಂಸಾರ ಮುಗಿಸಿದ್ದೆ. ಅವತ್ತೂ "ಏ, ಸುಮ್ನ ಮಲಕೋ" ಅಂದೆ. ಮಲಗಿದಳು. ಏಳಲಿಲ್ಲ.

ಆಮೇಲೆ ಮನೆಯಲ್ಲಿ ಮಾತೇ ಬೇಕಾಗಲಿಲ್ಲ. ದುಡಿಯಲು ಬಂದು ಉಳಿದ, ವಾಶಿ ಹತ್ತಿರದ ಕೋಪರಿಯ ನಮ್ಮ ಚಾಳಿನಲ್ಲಿ ಮೇಲಿನ ಮನೆಯ ಹುಡುಗಿ ಟೈಕ್ವಾಂಡೋ ಕಲಿಯುತ್ತಾಳೆ. "ಆಜೋಬಾ, ಘರ್ ಮೇ ಬೈಠ್‌ಕೇ ಕ್ಯಾ ಕರೋಗೆ?" ಅಜ್ಜಾ, ಮನೆಯಲ್ಲಿ ಕೂತು ಏನು ಮಾಡ್ತಿ ಅಂತ ನನ್ನನ್ನೂ ಕ್ಲಾಸಿಗೆ ಎಳೆದೊಯ್ದಳು. ಸೂತಕದ ಮನೆಯವನ ಬೆನ್ನಿಗೇ ನಗೆಪಾಟಲು ಹತ್ತುತ್ತದೆ, ನೋಡಿ.

ಬಿಳಿ ಬಟ್ಟೆ

ಕ್ಲಾಸಿನಲ್ಲಿ ಬಿಳಿ ಅಂಗಿ, ಬಿಳಿ ಪಾಯಜಾಮ ಕೊಟ್ಟರು. ಹಾಕಿಕೊಂಡು ಸ್ಟೇಷನ್ ರೋಡಿನಲ್ಲಿ ಹೊರಟೆ. ರಿಕ್ಷಾದವನೊಬ್ಬ ಗಾಡಿ ನಿಲ್ಲಿಸಿ ಕೈ ಮುಗಿದ. "ಮಾವುಲಿ, ಪಂಢರಪುರಕ್ಕೆ ನಡೆದು ಹೊರಟ ಭಕ್ತರ ದಿಂಡಿ ಯಾವಾಗೋ ಹೋಯಿತು. ನೀವೊಬ್ಬರೇ ಹಿಂದೆ ಉಳಿದಿರಾ?" ಅಂದ ಮರಾಠಿಯಲ್ಲಿ.

"ಹೌದಪಾ, ಉಳಿದೀನಿ," ಅಂದೆ.

ಗಂಟು

ವಾಶಿ ಮಾರ್ಕೆಟಿನಲ್ಲಿ ಹಮಾಲಿ ಮಾಡಿದವನು ನಾನು. ಹೊಸಬರಿಗೆ ಕೊಡುವ ಸೊಂಟದ ಬಿಳಿ ಪಟ್ಟಿಗೂ ಚೀಲದ ಗಂಟೇ ಹಾಕಿದೆ. ಕ್ಲಾಸು ಮುಗಿದ ಮೇಲೆ ಎಷ್ಟು ಎಳೆದರೂ ಬಿಚ್ಚಲಿಲ್ಲ. ಕಲಿಸುವ ಸರ್ ಬಂದರು. ಕರಿ ಪಟ್ಟಿಯವರು. ಉಗುರು ಹಚ್ಚಿದರು, ಹಲ್ಲು ಹಚ್ಚಿದರು.

"ಕಾಕಾ, ಘರ್ ಮೇ ಆಪ್‌ಕೀ ಗಾಂಠ್ ಕೌನ್ ಖೋಲತಾ ಹೈ?" ಮನೆಯಲ್ಲಿ ನಿಮ್ಮ ಗಂಟು ಯಾರು ಬಿಚ್ಚುತ್ತಾರೆ ಅಂತ ಕೇಳಿದರು.

"ಖೋಲನೇವಾಲೀ ಗಯೀ, ಸರ್." ಬಿಚ್ಚುವವಳು ಹೋದಳು ಅಂದೆ.

ಅವತ್ತು ಕರಿ ಪಟ್ಟಿ ಬಿಳಿ ಪಟ್ಟಿಗೆ ಸೋತಿತು. ನಾನು ಕಟ್ಟಿಕೊಂಡೇ ಮಲಗಿದೆ.

ಕೂಗು

ಒದೆಯುವಾಗ ಹೊಟ್ಟೆಯಿಂದ ಕೂಗಬೇಕು. ಅದು ಅಲ್ಲಿಯ ನೇಮ. ಮಕ್ಕಳೆಲ್ಲ "ಹ್ಯಾ!" ಅನ್ನುತ್ತಿದ್ದವು. ನಾನು ಸುಮ್ಮನೆ ಒದೆಯುತ್ತಿದ್ದೆ. "ಕಾಕಾ, ಆವಾಜ್!" ಅಂತ ಸರ್ ದಿನಾ ಹೇಳುವವರು. ಬರುತ್ತಿರಲಿಲ್ಲ.

ಒಂದು ಸಂಜೆ ಸರ್ ಪ್ಯಾಡ್ ಹಿಡಿದು ಎದುರು ನಿಂತರು. "ಪೇಟ್ ಮೇ ಜೋ ಹೈ, ನಿಕಾಲೋ!"

ಒದ್ದೆ. ಹೊಟ್ಟೆಯಲ್ಲಿದ್ದದ್ದು ಬಂತು.

"ಶಾಂತವ್ವಾ!"

ಸರ್ "ಬಹುತ್ ಬಢಿಯಾ!" ಅಂದರು. ಮಕ್ಕಳು ಇದೇನೋ ದೊಡ್ಡ ಪಟ್ಟಿಯವರ ಕೂಗು ಅಂದುಕೊಂಡವು. ಸಾಲಾಗಿ ಬಂದು ಒದ್ದವು. "ಶಾಂತವ್ವಾ! ಶಾಂತವ್ವಾ!" ನಾನು ಗೋಡೆ ಕಡೆ ಮುಖ ಮಾಡಿ ನಿಂತೆ.

ಮರುದಿನ ಮುಂಜಾನೆ ಅವಳ ಫೋಟೋದ ಮುಂದೆ ಚಹಾ ಇಟ್ಟೆ. ಮೆಲ್ಲಗೆ ಕರೆದೆ. "ಶಾಂತವ್ವಾ, ಚಹಾ."

ಮೇಲಿನ ಮನೆಯಲ್ಲಿ ಧಡ್ ಅಂತು. "ಶಾಂತವ್ವಾ!" ಹುಡುಗಿ ಬಾಗಿಲಿಗೆ ಒದ್ದಿದ್ದಳು.

"ಕೋಣ ಗ ಹೀ ಶಾಂತವ್ವಾ?" ಯಾರೇ ಇವಳು ಅಂತ ಅವಳವ್ವ ಗದರಿದಳು. ಪಾಪ, ಅವಳಿಗೇನು ಗೊತ್ತು. ಚಾಳಿಗೆಲ್ಲ ಫೋಟೋದಲ್ಲಿದ್ದವಳು ಬರೀ ಆಜಿ, ಅಜ್ಜಿ.

ನಾನು ಹೊರಗೆ ಬಂದೆ. ಮೇಲೆ ನೋಡಿ, ಹುಡುಗಿಯ ಅವ್ವನಿಗೆ ಚಾಳೆಲ್ಲ ಕೇಳುವ ಹಾಗೆ ಕೂಗಿದೆ.

"ನನ್ನ ಹೆಂಡತಿ, ಬಾಯೀ!"