ಜನವರಿ ಒಂದರ ಕುದುರೆ, ಜೂನ್ ಒಂದರ ಮೇಷ್ಟ್ರು

ದಣಿವಿಗೆ ಕಾರಣ ಹುಡುಕಬಾರದು. ಹುಡುಕಿದರೆ ಸಿಕ್ಕಿಬಿಡುತ್ತದೆ, ಆಮೇಲೆ ಅದನ್ನಿಟ್ಟುಕೊಂಡು ಏನು ಮಾಡಬೇಕೆಂದು ತಿಳಿಯುವುದಿಲ್ಲ. ನಾನಂತೂ ಹುಟ್ಟಿನಿಂದಲೇ ದಣಿದ ಮನುಷ್ಯ. ಹೊಸಪೇಟೆಯ ನಮ್ಮ ಮನೆಯಿಂದ ಬಸ್ ನಿಲ್ದಾಣಕ್ಕೆ ಒಂದೂವರೆ ಮೈಲಿ. ಡರ್ಬಿ ರೇಸಿನ ಕುದುರೆ ಇಷ್ಟೇ ದೂರವನ್ನು ಬೆನ್ನ ಮೇಲೆ ಒಬ್ಬನನ್ನು ಹೊತ್ತುಕೊಂಡು ಎರಡೂವರೆ ನಿಮಿಷದಲ್ಲಿ ಓಡಿ ಮುಗಿಸುತ್ತದೆ. ನಾನು ಊಟದ ಡಬ್ಬಿಯೊಂದನ್ನೇ ಹೊತ್ತರೂ ನನಗೆ ಮೂವತ್ತೈದು ನಿಮಿಷ ಬೇಕು. ಅಲ್ಲಿಂದ ಕಂಪ್ಲಿ ಕಡೆಯ ಬಸ್ಸು ಹಿಡಿದು ಹಳ್ಳಿಯ ಶಾಲೆ ಮುಟ್ಟುವಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತದೆ, ನಾನೂ ಮುಗಿದಿರುತ್ತೇನೆ.

ಪ್ರಾಥಮಿಕ ಶಾಲೆಯ ಮೇಷ್ಟ್ರಿಗೆ ಡರ್ಬಿಯ ಸುದ್ದಿ ಏಕೆ ಎಂದು ನೀವು ಕೇಳಬಹುದು. ತಪ್ಪು ನನ್ನದಲ್ಲ, ಹಂಪಿಯದು. ಬಹಳ ವರ್ಷಗಳ ಹಿಂದೆ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗ, ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಸಾಲಾಗಿ ಕೆತ್ತಿದ ಕುದುರೆಗಳನ್ನು ನೋಡಿ ಒಬ್ಬ ಹುಡುಗಿ, “ಸಾರ್, ಈ ಕುದುರಿ ಎಲ್ಲಾ ಎಲ್ಲಿಂದ ಬಂದಾವ್ರಿ?” ಎಂದು ಕೇಳಿದಳು. ಬಿಸಿಲಿಗೆ ನನ್ನ ತಲೆ ಓಡುತ್ತಿರಲಿಲ್ಲ. “ಮುಂದಿನ ವಾರ ಹೇಳ್ತೀನಿ” ಎಂದು ತಪ್ಪಿಸಿಕೊಂಡೆ. ಆ ಮುಂದಿನ ವಾರ ಇವತ್ತಿಗೂ ಮುಗಿದಿಲ್ಲ. ಓದಲು ಶುರುಮಾಡಿದವನು ಕುದುರೆ ತರುತ್ತಿದ್ದ ಅರಬ್ಬರ ಹಡಗು ಹತ್ತಿದೆ. ದಾರಿಯಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ವಿಜಯನಗರದ ಅರಸರು ನಂಬಿ ಬೆಲೆ ಕೊಡುತ್ತಿದ್ದರಂತೆ. ಅಲ್ಲಿಂದ ಇಂಗ್ಲೆಂಡಿಗೆ ಹೋದೆ. ಇವತ್ತು ರೇಸಿನಲ್ಲಿ ಓಡುವ ಥರೋಬ್ರೆಡ್ ಕುದುರೆಗಳೆಲ್ಲ ಪೂರ್ವದೇಶಗಳಿಂದ ಅಲ್ಲಿಗೆ ಹೋದ ಮೂರೇ ಮೂರು ಗಂಡು ಕುದುರೆಗಳ ವಂಶವಂತೆ. ಇಂಗ್ಲಿಷರು ಆ ಓಟವನ್ನು ನಮ್ಮಲ್ಲಿಗೆ ತಂದರು. ಮುಂಬೈಯಲ್ಲಿ ಮೊದಲೆಲ್ಲ ಅರಬ್ಬಿ ಕುದುರೆಗಳು ಓಡಿದವು, ಬರಬರುತ್ತಾ ಈ ನೆಲದಲ್ಲೇ ಹುಟ್ಟಿದವು ಓಡಿದವು. ದೊಡ್ಡ ರೇಸುಗಳಲ್ಲಿ ಗಿನೀಸ್ ಒಂದು ಮೈಲಿ, ಅಂದರೆ ಸಾವಿರದ ಆರುನೂರು ಮೀಟರು, ಓಕ್ಸ್ ಹೆಣ್ಣುಕುದುರೆಗಳಿಗೆ, ಸೇಂಟ್ ಲೆಜರ್ ಎಲ್ಲಕ್ಕಿಂತ ಉದ್ದ, ಡರ್ಬಿ ಎಲ್ಲಕ್ಕಿಂತ ದೊಡ್ಡದು. ಇವೆಲ್ಲ ನನಗೆ ಮಗ್ಗಿಯಂತೆ ಬಾಯಿಗೆ ಬಂದವು.

ಸ್ವಾತಂತ್ರ್ಯ ಬರುವುದಕ್ಕೆ ಕೆಲವೇ ವರ್ಷ ಮುಂಚೆ ಮುಂಬೈಯಲ್ಲಿ ನಡೆದ ಮೊದಲ ಡರ್ಬಿಯನ್ನು ಗೆದ್ದದ್ದು ಒಂದು ಹೆಣ್ಣುಕುದುರೆ ಎಂದು ಓದಿದ ದಿನ ಸಂತೋಷ ತಡೆಯಲಾರದೆ ಹೆಂಡತಿ ಗಂಗಮ್ಮನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಹೆಣ್ಣು ಗೆಲ್ಲದ ಇನ್ನೇನ್ರಿ? ಸತ್ತ ಕುದುರಿ ಸುದ್ದಿ ಎಲ್ಲಾ ನೆಪ್ಪಿರ್ತೈತಿ, ಮನಿಗೆ ಉಪ್ಪು ತರೋದು ಮಾತ್ರ ನೆಪ್ಪಿರಂಗಿಲ್ಲ” ಎಂದಳು. ಶಾಲೆಯಲ್ಲಿ ಇನ್ನೊಂದು ಕಾಟ. ಸಹೋದ್ಯೋಗಿಗಳು ಗುಟ್ಟಾಗಿ ಬಂದು, “ಈ ಭಾನುವಾರ ಯಾವ್ದು ಗೆಲ್ತೈತ್ರಿ ಸಾರ್?” ಎನ್ನುತ್ತಿದ್ದರು. ನನಗೆ ಗೊತ್ತಿದ್ದದ್ದು ಗೆದ್ದು ಸತ್ತವುಗಳ ಸಂಗತಿ ಮಾತ್ರ. ರೇಸು ನಡೆಯುವ ಜಾಗವನ್ನು ನಾನು ಕಣ್ಣಿಂದ ಕಂಡವನಲ್ಲ. ಕುದುರೆ ಏರಿದ್ದು ಒಮ್ಮೆ, ನನ್ನ ಮದುವೆಯ ಮೆರವಣಿಗೆಯಲ್ಲಿ. ಅದು ನಾಲ್ಕು ಹೆಜ್ಜೆ ಹಾಕಿ ದಾರಿ ನಡುವೆ ನಿಂತುಬಿಟ್ಟಿತು. ಅದರ ಮನಸ್ಸು ನನಗೆ ಪೂರ್ತಿ ಅರ್ಥವಾಯಿತು.

ಹೀಗೆ ಓದುತ್ತಾ ಇರುವಾಗ ಹೋದ ವರ್ಷ ಒಂದು ಸಂಗತಿ ಸಿಕ್ಕಿತು. ನಮ್ಮ ದೇಶದಲ್ಲಿ ರೇಸಿನ ಕುದುರೆಗಳಿಗೆಲ್ಲ ಹುಟ್ಟಿದ ದಿನ ಒಂದೇ, ಜನವರಿ ಒಂದು. ಮರಿ ಫೆಬ್ರುವರಿಯಲ್ಲಿ ಹುಟ್ಟಲಿ, ಮೇ ತಿಂಗಳಲ್ಲಿ ಹುಟ್ಟಲಿ, ಜನವರಿ ಒಂದು ಬಂತೆಂದರೆ ಲೆಕ್ಕದಲ್ಲಿ ಎಲ್ಲಕ್ಕೂ ಒಂದು ವರ್ಷ. ಡರ್ಬಿ ನಾಲ್ಕು ವರ್ಷದವುಗಳಿಗೆ ಮಾತ್ರ, ಆಯುಷ್ಯಕ್ಕೆ ಒಂದೇ ಸಲ. ತಡವಾಗಿ ಹುಟ್ಟಿದ್ದು ಎಳಸು ಕಾಲಲ್ಲೇ ಬಲಿತವುಗಳ ಜೊತೆ ಓಡಬೇಕು. ಪುಸ್ತಕ ಮಡಚಿ, “ಗಂಗಾ, ನಾನ್ಯಾಕ ದಣಿದೀನಿ ಅಂತ ಈಗ ಗೊತ್ತಾತು” ಎಂದು ಕೂಗಿದೆ. ಅವಳು ಬರಲಿಲ್ಲ.

ದಾಖಲೆಯಲ್ಲಿ ನನ್ನ ಹುಟ್ಟಿದ ದಿನ ಜೂನ್ ಒಂದು. ಬಂಡ್ರಿ ಹತ್ತಿರದ ನಮ್ಮ ಹಳ್ಳಿಯಲ್ಲಿ ಶಾಲೆಗೆ ಸೇರಿಸುವಾಗ ಮೇಷ್ಟ್ರು ಹುಟ್ಟಿದ ದಿನ ಕೇಳುತ್ತಿರಲಿಲ್ಲ. ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿಸುತ್ತಿದ್ದರು. ಮುಟ್ಟಿದರೆ ಆರು ವರ್ಷ, ಜೂನ್ ಒಂದು. ಮುಟ್ಟದಿದ್ದರೆ ಮನೆಗೆ. ನನ್ನ ಕೈ ಹುಟ್ಟಾ ಉದ್ದ. ಅವ್ವ ಹೇಳುವಂತೆ ಕಿವಿ ಮುಟ್ಟಿದ್ದಲ್ಲದೆ ಹಿಡಿದು ಎಳೆದೂ ತೋರಿಸಿದೆನಂತೆ. ಆಗ ನನಗೆ ನಾಲ್ಕು ವರ್ಷ ಎಂಟು ತಿಂಗಳು. ಒಂದು ವರ್ಷ ನಾಲ್ಕು ತಿಂಗಳು ಮುಂದೆ ಹೋಗಿ ನಿಂತ ನಾನು, ಅಂದಿನಿಂದ ನನಗಿಂತ ಬಲಿತವರ ಜೊತೆ ಏದುಸಿರು ಬಿಡುತ್ತಾ ಓಡುತ್ತಲೇ ಇದ್ದೇನೆ.

ಇದು ಬರೀ ತಮಾಷೆಯ ಮಾತಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ನನಗೊಂದು ಆಸೆ ಇತ್ತು. ಮೂವತ್ತೆಂಟು ವರ್ಷದಿಂದ ಕಾದದ್ದು ಮುಖ್ಯೋಪಾಧ್ಯಾಯರ ಕುರ್ಚಿಗೆ. ಒಂದು ದಿನವಾದರೂ ಅದರಲ್ಲಿ ಕೂತು, ತಡವಾಗಿ ಬರುವ ಮೇಷ್ಟ್ರಿಗೆ ಗಡಿಯಾರ ತೋರಿಸಬೇಕು ಎಂದು. ಬಡ್ತಿಯ ಪಟ್ಟಿಯಲ್ಲಿ ನನ್ನ ಹೆಸರು ಮೇಲಕ್ಕೆ ಬಂದಿತ್ತು, ಆದೇಶ ಬರುವುದು ಶ್ರಾವಣಕ್ಕೆ. ನನ್ನ ನಿವೃತ್ತಿ ಅದಕ್ಕೂ ಮೊದಲೇ, ಮೇ ಮೂವತ್ತೊಂದಕ್ಕೆ. ನಿಜವಾದ ವಯಸ್ಸು ಹಿಡಿದರೆ ಒಂದು ವರ್ಷಕ್ಕೂ ಮೇಲೆ ಆ ಕುರ್ಚಿ ನನ್ನದು.

ಊರಿಗೆ ಹೋಗಿ ಅವ್ವನನ್ನು ಸಾಕ್ಷಿ ಕೇಳಿದೆ. “ನೀ ಹುಟ್ಟಿದ್ದು ಶೀಗಿ ಹುಣ್ಣಿವಿ ಮರುದಿನ. ಹೊಲದಾಗ ಭೂತಾಯಿಗೆ ಚರಗ ಚೆಲ್ಲಿ ಬಂದು ಮಲಗಿದ್ನೆಪ್ಪ. ನಮ್ಮ ಕೆಂದಾಕಳ ಎರಡನೇ ಕರ ಹಾಕಿದ ವರ್ಷ” ಎಂದು ಖಡಾಖಂಡಿತವಾಗಿ ಹೇಳಿದಳು. ಕೆಂದಾಕಳನ್ನು ಕೇಳುವಂತಿರಲಿಲ್ಲ. ಆದರೂ ಒಂದು ಅರ್ಜಿ ಬರೆದುಕೊಂಡು ಕಂಪ್ಲಿಯ ಶಿಕ್ಷಣ ಇಲಾಖೆಯ ಕಚೇರಿಗೆ ಹೋದೆ.

ಅಲ್ಲಿನ ಗುಮಾಸ್ತ ಹನುಮೇಶ ನನ್ನ ಹಳೆಯ ವಿದ್ಯಾರ್ಥಿ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದನೇ ತರಗತಿಗೆ ಬಂದವನು. ಈಗ ಕಿವಿಯ ಬಳಿ ಬೆಳ್ಳಗಾಗಿದ್ದಾನೆ, ಹೊಟ್ಟೆಯೂ ಬಂದಿದೆ. ಎದ್ದು ಬಂದು ಕಾಲು ಮುಟ್ಟಿ, “ಬರ್ರಿ ಸಾರ್, ಕುಂದ್ರಿ” ಎಂದು ಚಹಾ ತರಿಸಿದ. ಅರ್ಜಿಯನ್ನು ಎರಡು ಸಲ ಓದಿದ. “ಆಗಂಗಿಲ್ರಿ ಸಾರ್. ನೌಕರಿಗೆ ಸೇರಿದ ಹೊಸದಾಗ ಕೇಳಬೇಕಿತ್ತು. ಕಾಗದ ಏನರ ಐತೇನ್ರಿ?” ಕಾಗದ ಎಲ್ಲಿಂದ ಬರಬೇಕು? ನನ್ನ ಹತ್ತಿರ ತೋರಿಸಲು ಕುದುರೆಯ ಬಾಲವೂ ಇರಲಿಲ್ಲ.

ನನಗೆ ಸಿಟ್ಟು ಬಂತು. ಚಹಾ ಆರಿಸುತ್ತಾ ಅವನಿಗೆ ಅರಬ್ಬರ ಹಡಗಿನಿಂದ ಡರ್ಬಿಯವರೆಗೆ ಎಲ್ಲ ಹೇಳಿದೆ. “ಕುದುರಿಗೆ ಕಾಯಿದೆ ಮಾಡಿ ಜನವರಿ ಒಂದು ಅಂದ್ರು, ಒಪ್ಪೋಣ. ನಮಗ್ಯಾವನೋ ಒಬ್ಬ ಮೇಷ್ಟ್ರು ಕಿವಿ ನೋಡಿ ಬರದದ್ದು! ಒಂದು ಜೀವದ ಹಣೇಬರಹ ಬರಿಯಾಕ ಅವನ್ಯಾರು?” ಎಂದು ಮೇಜು ಕುಟ್ಟಿದೆ.

ಹನುಮೇಶ ನಾನು ಮುಗಿಸುವವರೆಗೂ ಕೇಳಿದ. ಆಮೇಲೆ ಮೆಲ್ಲಗೆ, “ಸಾರ್, ನಂದೂ ಜೂನ್ ಒಂದ್ರಿ” ಎಂದ.

“ನಿಂಗ್ಯಾರು ಬರದ್ರು?” ಎಂದೆ, ಜೊತೆಗಾರ ಸಿಕ್ಕ ಹುರುಪಿನಲ್ಲಿ.

ಅವನು ಅರ್ಜಿಯನ್ನು ನನ್ನ ಕಡೆ ಸರಿಸಿದ. “ನೀವೇ ಸಾರ್.”

ನಾನು ಚಹಾದ ಲೋಟ ಕೆಳಗಿಟ್ಟೆ. ಅವನೇ ಮುಂದುವರಿಸಿದ. “ನಾ ಹುಟ್ಟಿದ್ದು ದೀಪಾವಳಿ ಪಾಡ್ಯಕ್ರಿ. ನಮ್ಮವ್ವ ಹೇಳಾಕ ಬಂದ್ಲು, ಸಾಲು ಭಾಳ ಇತ್ತು. ಪೊಲೀಸ್ ಆಗಬೇಕು ಅಂತಿದ್ದೆ ಸಾರ್. ಸಾವಿರದ ಆರುನೂರು ಮೀಟರ್ ಓಡಬೇಕಲ್ರಿ, ಕಾಲುವಿ ದಂಡಿ ಮ್ಯಾಲ ದಿನಾ ಓಡ್ತಿದ್ದೆ. ನನ್ನ ಹಿಡಿಯೋರೇ ಇರಲಿಲ್ಲ. ಎರಡು ತಿಂಗಳು ವಯಸ್ಸು ಜಾಸ್ತಿ ಆತು ಅಂತ ಅರ್ಜಿನೇ ವಾಪಸ್ ಬಂತು. ಹೋಗ್ಲಿ ಬಿಡ್ರಿ, ನಾಕಕ್ಷರ ಕಲಿಸಿದೋರೂ ನೀವೇ.”

ಬಾಯಿ ತುದಿಗೆ ಬಂದಿದ್ದ ಗಿನೀಸ್ ಚರಿತ್ರೆಯನ್ನು ನುಂಗಿಕೊಂಡೆ. ನನಗೆ ಬಹಳ ನಾಚಿಕೆಯಾಯಿತು. ಅವನ ತಾಯಿ ನೆನಪಿಗೆ ಬರಲಿಲ್ಲ, ಅದು ಇನ್ನೂ ನಾಚಿಕೆ. ನೆನಪಿಗೆ ಬಂದದ್ದು ಜೂನ್ ತಿಂಗಳ ಸೆಕೆ, ಬಾಗಿಲ ತನಕ ನಿಂತ ತಾಯಂದಿರು, ನನ್ನ ದುಂಡು ಅಕ್ಷರ. ಒಬ್ಬೊಬ್ಬರ ಹಬ್ಬ, ಹುಣ್ಣಿಮೆ ಕೇಳುತ್ತಾ ಕೂತರೆ ಸಂಜೆಯಾಗುತ್ತಿತ್ತು. ಜೂನ್ ಒಂದು ಎಂದರೆ ಬೇಗ ಮುಗಿಯುತ್ತಿತ್ತು. ನನಗೆ ದಣಿವಾಗಿತ್ತು.

ಅರ್ಜಿ ಮಡಚಿ ಜೇಬಿಗಿಟ್ಟುಕೊಂಡು ಎದ್ದೆ. ಹೊರಗೆ ಹೊಸಪೇಟೆಯ ಬಸ್ಸು ಆಗಲೇ ಹೊರಟಿತ್ತು. “ನೀವು ನಿಧಾನ ಬರ್ರಿ ಸಾರ್” ಎಂದವನೇ ಹನುಮೇಶ ಚಪ್ಪಲಿ ಬಿಟ್ಟು ಓಡಿದ. ಆ ಹೊಟ್ಟೆ ಹೊತ್ತುಕೊಂಡೂ ಎಂಥ ಓಟ! ಪುಸ್ತಕದಲ್ಲಿ ಇಷ್ಟು ವರ್ಷ ಓದಿದ್ದನ್ನು ಅವತ್ತು ಮೊದಲ ಸಲ ಕಣ್ಣಾರೆ ಕಂಡೆ. ತಿರುವಿಗೆ ಮೊದಲೇ ಬಸ್ಸಿನ ಮುಂದೆ ಹೋಗಿ ಕೈ ಅಡ್ಡ ಹಿಡಿದು ನಿಲ್ಲಿಸಿದ. ನಾನು ನನ್ನ ನಡಿಗೆಯಲ್ಲಿ ಹೋಗಿ ಹತ್ತಿದೆ.

ಕಂಡಕ್ಟರ್ ನನ್ನ ಮುಖ ನೋಡಿ, “ಹಿರಿಯ ನಾಗರಿಕರೇನ್ರಿ ಯಜಮಾನ್ರ? ವಯಸ್ಸೆಷ್ಟು?” ಎಂದ.

“ಜೂನ್ ಒಂದಕ್ಕ ಅರವತ್ತು” ಎಂದೆ.